ಕರಾಟೇಕಾ: ಇಷ್ಟು ವರ್ಷ ಆಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ. 1984ರ ಕಂಪ್ಯೂಟರ್ ಆಟಕ್ಕೆ ಈಗ ಯಾಕೆ ಇಷ್ಟು ಅಂಕ ಅಂತ ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ನಾನು ಇದನ್ನು ಮೊದಲು ಆಡಿದ್ದು ಬೆಂಗಳೂರಿನಲ್ಲಿ, ಡಾಸ್ ಕಂಪ್ಯೂಟರಿಗೆ ಐದೂಕಾಲು ಇಂಚಿನ ಫ್ಲಾಪಿ ಹಾಕಿ. ಆಮೇಲೆ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರದಂತೆ ವರ್ತಿಸುವ ಸಾಫ್ಟ್‌ವೇರ್) ಆಪಲ್ 2 ಆವೃತ್ತಿ, ಅಂದರೆ ಆಪಲ್ ಕಂಪನಿಯ ಹಳೆಯ ಕಂಪ್ಯೂಟರಿನದು, ಸಿಕ್ಕಿತು. ಈಗ ಆಡುವುದು 2023ರಲ್ಲಿ ಬಂದ ‘ದಿ ಮೇಕಿಂಗ್ ಆಫ್ ಕರಾಟೇಕಾ’ದಲ್ಲಿ, ಅಂದರೆ ಹಳೆಯ ಆಟವನ್ನೂ ಅದು ಹುಟ್ಟಿದ ಕಥೆಯನ್ನೂ ಸೇರಿಸಿದ ಸಂಗ್ರಹದಲ್ಲಿ. ಯಂತ್ರ ಬದಲಾಯಿತು, ಆಟದ ರುಚಿ ಮಾತ್ರ ಕೆಟ್ಟಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಬರೆದವರು ಜೋರ್ಡನ್ ಮೆಕ್ನರ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಆಪಲ್ 2ಗಾಗಿ ಬರೆದರು. ಬ್ರೋಡರ್ಬಂಡ್ ಕಂಪನಿ ಪ್ರಕಟಿಸಿತು. ಐದು ವರ್ಷದ ನಂತರ, 1989ರಲ್ಲಿ, ಇವರೇ ‘ಪ್ರಿನ್ಸ್ ಆಫ್ ಪರ್ಶಿಯಾ’ ಮಾಡಿದರು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ಕ್ಲಾಸುಗಳಲ್ಲಿ ‘ಪ್ರಿನ್ಸ್’ ಆಡಿದವರು ಎಷ್ಟು ಜನ! ಆ ಆಟದ ನಾಯಕ ಓಡುವ, ತಡೆದು ನಿಲ್ಲುವ ಚೆಂದಕ್ಕೆ ಬೇರು ಇಲ್ಲಿದೆ.

ಕಥೆ ಚಿಕ್ಕದು. ಅಕುಮಾ ಎಂಬ ದುಷ್ಟ ಬೆಟ್ಟದ ಮೇಲಿನ ಕೋಟೆಯಲ್ಲಿ ರಾಜಕುಮಾರಿ ಮರಿಕೊಳನ್ನು ಸೆರೆಯಲ್ಲಿಟ್ಟಿದ್ದಾನೆ. ನಾವು ಬಂಡೆ ಹತ್ತಿ, ಬರಿಗೈಯಲ್ಲಿ ಒಳಗೆ ಹೋಗಿ, ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿ ಅವಳನ್ನು ಬಿಡಿಸಬೇಕು. ಇರುವುದು ಒಂದೇ ಜೀವ.

ಈ ಆಟದ ಜೀವಾಳ ಅಂದರೆ ನಿಲುವು. ನಮ್ಮ ಹುಡುಗ ಎರಡೇ ರೀತಿ ಇರಬಲ್ಲ. ನೆಟ್ಟಗೆ ನಿಂತರೆ ಓಡಬಹುದು, ಹೊಡೆಯೋಕೆ ಆಗಲ್ಲ. ಕಾಲು ಅಗಲಿಸಿ ಕರಾಟೆ ನಿಲುವಿಗೆ ಬಂದರೆ ಹೊಡೆಯಬಹುದು, ಆದರೆ ಇಷ್ಟಿಷ್ಟೇ ಸರಿಯಬೇಕು. ಕಾವಲುಗಾರನ ಹತ್ತಿರಕ್ಕೆ ನೆಟ್ಟಗೆ ಓಡಿಹೋದರೆ ಒಂದೇ ಏಟು, ಕಥೆ ಮುಗಿಯಿತು. ಅದಕ್ಕೇ ದೂರದಲ್ಲೇ ನಿಲ್ಲಬೇಕು, ನಿಲುವು ಬದಲಿಸಬೇಕು, ಕಾಯಬೇಕು. ಬಗ್ಗಿ ನಮಸ್ಕರಿಸಲೂ ಒಂದು ಕೀ ಇದೆ. ಶುರುವಿನಲ್ಲಿ ಎದುರಾಗುವ ಕಾವಲುಗಾರನಿಗೆ ನಮಸ್ಕರಿಸಿದರೆ ಅವನೂ ತಿರುಗಿ ನಮಸ್ಕರಿಸುತ್ತಾನೆ. ಇದರಿಂದ ಪಾಯಿಂಟ್ ಏನೂ ಸಿಗಲ್ಲ. ಆದರೂ ನಾನು ಅದನ್ನು ಬಿಟ್ಟು ಹೊಡೆದಾಟ ಶುರುಮಾಡುವುದಿಲ್ಲ. ಹೊಡೆಯುವ ಮುಂಚೆ ಎದುರಾಳಿಗೆ ಮರ್ಯಾದೆ ಕೊಡಬೇಕು ಅನ್ನುವುದನ್ನು ಇಷ್ಟು ಸರಳವಾಗಿ ತೋರಿಸಿದ ಬೇರೆ ಆಟ ನಾನು ನೋಡಿಲ್ಲ.

ಹೊಡೆತ ಒಟ್ಟು ಆರು. ಪಂಚ್ ಮೂರು ಎತ್ತರದಲ್ಲಿ, ಕಿಕ್ ಮೂರು ಎತ್ತರದಲ್ಲಿ. ಏಟು ತಡೆಯುವ ಕೀ ಅಂತ ಇಲ್ಲವೇ ಇಲ್ಲ, ಹಿಂದೆ ಸರಿಯುವುದೇ ತಡೆ. ಪರದೆಯ ಕೆಳಗೆ ಸಾಲಾಗಿ ಪುಟ್ಟ ತ್ರಿಕೋನಗಳು. ಎಡಗಡೆ ನಮ್ಮ ಶಕ್ತಿ, ಬಲಗಡೆ ಎದುರಾಳಿಯದು. ಏಟು ಬಿದ್ದಂತೆ ಒಂದೊಂದೇ ಮಾಯವಾಗುತ್ತದೆ. ಸ್ವಲ್ಪ ಹೊತ್ತು ಏಟು ತಿನ್ನದೆ ಇದ್ದರೆ ಮೆಲ್ಲಗೆ ಮರಳಿ ಬರುತ್ತದೆ. ಆದರೆ ಅವನಿಗೂ ಅದೇ ನಿಯಮ. ನೀವು ಸುಧಾರಿಸಿಕೊಳ್ಳೋಣ ಅಂತ ದೂರ ಹೋದರೆ ಅವನೂ ಸುಧಾರಿಸಿಕೊಳ್ಳುತ್ತಾನೆ. ಯಾವಾಗ ಹಿಂದೆ ಹೋಗಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರಬೇಕು. ಅವನು ಒಂದು ಹೆಜ್ಜೆ ಒಳಗೆ ಇಟ್ಟ ಕ್ಷಣದಲ್ಲಿ ನಡು ಎತ್ತರಕ್ಕೆ ಒಂದು ಕಿಕ್, ತಕ್ಷಣ ಅರ್ಧ ಹೆಜ್ಜೆ ಹಿಂದೆ. ಅವನ ಏಟು ಗಾಳಿಗೆ ಹೋಗುತ್ತದೆ. ಮತ್ತೆ ಒಳಗೆ. ಈ ಲಯ ಕೈಗೆ ಹತ್ತಿದಾಗ ಆಗುವ ಖುಷಿಯೇ ಬೇರೆ.

ನನ್ನ ಅಕ್ಕನ ಮಗಳು ಇದನ್ನು ಮೊದಲ ಸಲ ಹಿಡಿದಾಗ ಎಲ್ಲ ಬಟನ್ ಒಟ್ಟಿಗೆ ಒತ್ತತೊಡಗಿದಳು. “ಮಾಮ, ಇವ್ನು ಯಾಕೆ ಇಷ್ಟು ನಿಧಾನ?” ಅಂದಳು. “ಅವನ ಕಾಲು ನೋಡು, ಕೈ ನೋಡಬೇಡ” ಅಂದೆ. ಸ್ವಲ್ಪ ಹೊತ್ತಿಗೆ ಅವಳ ಬೆರಳು ತಣ್ಣಗಾಯಿತು. ಹೆಜ್ಜೆ ಎಣಿಸಿ ಹೊಡೆಯತೊಡಗಿದಳು. ರಾತ್ರಿ ಊಟಕ್ಕೆ ಕರೆದರೆ ಎದ್ದು ಬರಲಿಲ್ಲ!

ಇನ್ನು ಚಲನೆ. ಆಪಲ್ 2ರ ಪರದೆ ಬರೀ 280ಕ್ಕೆ 192 ಚುಕ್ಕಿ. ಅಷ್ಟರಲ್ಲಿ ಒಬ್ಬ ಮನುಷ್ಯ ನಿಜವಾಗಿ ಓಡಿದಂತೆ, ಒದ್ದಂತೆ ಕಾಣುತ್ತಾನೆ. ಕಾರಣ, ಮೆಕ್ನರ್ ಒಬ್ಬ ಕರಾಟೆ ಗುರುವನ್ನು ಸೂಪರ್ 8 ಎಂಬ ಪುಟ್ಟ ಸಿನಿಮಾ ಫಿಲ್ಮಿನಲ್ಲಿ ಚಿತ್ರೀಕರಿಸಿ, ಒಂದೊಂದು ಫ್ರೇಮಿನ ಮೇಲೂ ಗೆರೆ ಎಳೆದು ಕಂಪ್ಯೂಟರಿಗೆ ಹಾಕಿದರು. ಇದಕ್ಕೆ ರೋಟೋಸ್ಕೋಪಿಂಗ್ ಅನ್ನುತ್ತಾರೆ. ಕಿಕ್ ಆದ ಮೇಲೆ ಕಾಲು ವಾಪಸ್ ನೆಲಕ್ಕೆ ಬರುವುದನ್ನು ಗಮನಿಸಿ. ದೇಹದ ತೂಕ ಕಣ್ಣಿಗೆ ಕಾಣುತ್ತದೆ.

ಸಂಗೀತ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಆಪಲ್ 2ರ ಸ್ಪೀಕರಿನಲ್ಲಿ ಟಿಕ್ ಟಿಕ್ ಸದ್ದಿಗಿಂತ ಜಾಸ್ತಿ ಏನೂ ಹೊರಡಿಸೋದು ಕಷ್ಟ. ಆ ಬಡ ಸ್ಪೀಕರಿನಲ್ಲೇ ಕೆಲವೇ ಸ್ವರಗಳಲ್ಲಿ ಅಕುಮಾ ಬಂದ ಅಂತ ಗೊತ್ತಾಗುತ್ತದೆ. ಆಟದ ನಡುವೆ ಸಿನಿಮಾದಂತೆ ದೃಶ್ಯ ಬದಲಾಗುತ್ತದೆ. ಇಲ್ಲಿ ನಾವು ಓಡುತ್ತಿರುತ್ತೇವೆ, ಅಲ್ಲಿ ಅಕುಮಾ ಬೆರಳು ತೋರಿಸಿ ಇನ್ನೊಬ್ಬನನ್ನು ಕಳಿಸುತ್ತಾನೆ, ಅವನು ನಮ್ಮ ಕಡೆಗೆ ಓಡಿಬರುತ್ತಾನೆ. ಇಬ್ಬರೂ ಎದುರಾಗುವ ಹೊತ್ತಿಗೆ ಎದೆ ಡವಡವ ಅನ್ನುತ್ತದೆ.

ಕೊರತೆ ಇಲ್ಲ ಅಂತಲ್ಲ. ಅರ್ಧ ಅಂಕ ಕಡಿಮೆ ಮಾಡಿದ್ದು ಮುಖ್ಯವಾಗಿ ಆ ಮುಳ್ಳಿನ ಗೇಟಿಗಾಗಿ. ಕೋಟೆಯೊಳಗೆ ಒಂದು ಕಡೆ ಮೇಲಿಂದ ದಡಾರಂತ ಬೀಳುತ್ತದೆ, ಸಿಕ್ಕಿಕೊಂಡರೆ ಅಲ್ಲಿಗೇ ಸಾವು. ಮುನ್ಸೂಚನೆಯೇ ಇಲ್ಲ. ಕೌಶಲಕ್ಕೆ ಬೆಲೆ ಕೊಡುವ ಆಟದಲ್ಲಿ ಇದು ಸರಿಯಲ್ಲ. ಕಷ್ಟಪಟ್ಟು ಅಷ್ಟು ಜನರನ್ನು ಗೆದ್ದು ಬಂದವನನ್ನು ಹೀಗೆ ಕೊಲ್ಲಬಾರದು. ಹಳೆಯ ಆವೃತ್ತಿಯಲ್ಲಿ ಸೇವ್ ಮಾಡುವ ಸೌಲಭ್ಯವೂ ಇಲ್ಲ, ಮತ್ತೆ ಬಂಡೆಯ ಅಂಚಿನಿಂದಲೇ ಶುರು. ಅಕುಮಾನ ಗಿಡುಗ ಹಾರಿಬಂದು ಕುಕ್ಕುವುದು ಪರವಾಗಿಲ್ಲ, ಅದನ್ನು ಹೊಡೆಯಲು ಅವಕಾಶ ಇದೆ. ಕಾವಲುಗಾರರ ವೇಷದಲ್ಲಿ ಹೆಚ್ಚು ವೈವಿಧ್ಯ ಇಲ್ಲ. ಇಬ್ಬರು ಕೂತು ಆಡುವ ಹಾಗೂ ಇಲ್ಲ. ಅದು ಬೇಕು ಅನ್ನುವವರು ಆ ಕಾಲದ ಬೇರೆ ಕರಾಟೆ ಆಟಗಳಾದ 1985ರ ‘ದಿ ವೇ ಆಫ್ ದಿ ಎಕ್ಸ್‌ಪ್ಲೋಡಿಂಗ್ ಫಿಸ್ಟ್’ ಅಥವಾ ಮೂವರು ಒಂದೇ ಅಖಾಡದಲ್ಲಿ ಬಡಿದಾಡುವ 1987ರ ‘ಐಕೆ ಪ್ಲಸ್’ ನೋಡಿ. ಎರಡೂ ಒಳ್ಳೆಯ ಆಟಗಳೇ. ಆದರೆ ಅವು ಪಂದ್ಯ, ಇದು ಪ್ರಯಾಣ.

ಮುಂದಿನದು ಕೊನೆಯ ಗುಟ್ಟು. ಸ್ವತಃ ಆಡಿ ತಿಳಿಯಬೇಕು ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ಅಕುಮಾನನ್ನು ಸೋಲಿಸಿ ಮರಿಕೊ ಇರುವ ಕೋಣೆಗೆ ಹೋಗುತ್ತೀರಿ. ಹೊಡೆದಾಟದ ನಿಲುವಿನಲ್ಲೇ ಅವಳ ಬಳಿ ಹೋದರೆ, ಒಂದೇ ಕಿಕ್‌ನಲ್ಲಿ ಅವಳೇ ನಿಮ್ಮನ್ನು ಕೊಂದುಹಾಕುತ್ತಾಳೆ. ನೆಟ್ಟಗೆ ನಿಂತು, ಕೈ ಕೆಳಗಿಳಿಸಿ ಹೋಗಬೇಕು. ನನ್ನ ಚಿಕ್ಕಪ್ಪನ ಮಗ ಅಲ್ಲಿ ಸತ್ತಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ. ಗೇಟಿನ ಹಾಗೆ ಇದೂ ಅನ್ಯಾಯ ಅಲ್ವಾ ಅಂದರೆ, ನನ್ನ ಪ್ರಕಾರ ಅಲ್ಲ. ಮೊದಲ ಕಾವಲುಗಾರನಿಂದಲೇ ಆಟ ಇದೊಂದನ್ನೇ ಹೇಳಿಕೊಟ್ಟಿದೆ: ಯಾರ ಎದುರು ಹೇಗೆ ನಿಲ್ಲುತ್ತೀಯ ನೋಡಿಕೋ ಅಂತ. ಸೆರೆಯಲ್ಲಿದ್ದವಳಿಗೆ ಕಾಣುವುದು ಹೊಡೆಯಲು ಸಿದ್ಧನಾಗಿ ಬರುತ್ತಿರುವ ಇನ್ನೊಬ್ಬ ಗಂಡಸು, ಅಷ್ಟೇ.

ಈಗ ಯಾವುದನ್ನು ಕೊಳ್ಳಬೇಕು? 2012ರ ಹೊಸ ರೂಪ ನೋಡಲು ಚೆನ್ನಾಗಿದೆ. ಅದರಲ್ಲಿ ಮೂವರು ನಾಯಕರು, ಒಬ್ಬ ಬಿದ್ದರೆ ಇನ್ನೊಬ್ಬ ಬರುತ್ತಾನೆ. ಆ ಒಂಟಿ ಜೀವದ ಬಿಗಿ ಅಲ್ಲಿಲ್ಲ, ನನಗೆ ಹಿಡಿಸಲಿಲ್ಲ. 2023ರದ್ದನ್ನೇ ತಗೊಳ್ಳಿ. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲಕ್ಕೂ ಇದೆ. ಆಪಲ್ 2 ಮೂಲ ಆಟದ ಜೊತೆ ಹೊಸದಾಗಿ ತಿದ್ದಿದ ಆವೃತ್ತಿ, ಆಟ ಬೆಳೆದ ಬಗೆ ತೋರಿಸುವ ಹಳೆಯ ಮಾದರಿಗಳು, ಅಪ್ಪ ಮಗ ಇಬ್ಬರ ಮಾತುಗಳು, ಎಲ್ಲ ಸಿಗುತ್ತವೆ. ಆಟದ ಕೆಲಸ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಆ ಮಾದರಿಗಳನ್ನು ಖಂಡಿತ ತೋರಿಸಿ. ಮೊದಲು ಆಪಲ್ 2 ಆವೃತ್ತಿ ಆಡಿ, ಆಮೇಲೆ ತಿದ್ದಿದ್ದಕ್ಕೆ ಹೋಗಿ.