ಕಡಿಮೆ ಆರ್ಗಾನ್‌ನ ಟಾರ್ಚ್: ಕೆಲವು ವರ್ಷ ಬಳಸಿದ ಮೇಲೆ

ನೀರು ಮತ್ತು ಮಣ್ಣಿನಲ್ಲಿರುವ ಲೋಹಗಳನ್ನು ಅಳೆಯುವ ನಮ್ಮ ಐಸಿಪಿ ಉಪಕರಣಕ್ಕೆ ಕಡಿಮೆ ಹರಿವಿನ ಟಾರ್ಚ್ ಅಳವಡಿಸಿ ಕೆಲವು ವರ್ಷಗಳಾದವು. ಈ ಉಪಕರಣ ಆರ್ಗಾನ್ ಅನಿಲವನ್ನು ಪ್ಲಾಸ್ಮಾ, ಅಂದರೆ ಅತಿ ಬಿಸಿಯಾದ ಅಯಾನೀಕೃತ ಅನಿಲವಾಗಿಸಿ, ಅದರೊಳಗೆ ಮಾದರಿ ಹೊಮ್ಮಿಸುವ ಬೆಳಕನ್ನು ಅಳೆಯುತ್ತದೆ; ಆ ಪ್ಲಾಸ್ಮಾ ಉರಿಯುವ, ಒಂದರೊಳಗೊಂದಿರುವ ಕ್ವಾರ್ಟ್ಸ್ ಕೊಳವೆಗಳ ಭಾಗವೇ ಟಾರ್ಚ್. ಆರ್ಗಾನ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಮಾರಾಟಗಾರರು ಹೇಳಿದ್ದರು. ಇಳಿದದ್ದು ನಿಜ. ಆದರೆ ಯಾವ ಬಗೆಯ ನೀರು, ಮಣ್ಣಿನ ಮಾದರಿಗೆ ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ.

ಹಳೆಯ ಟಾರ್ಚಿಗೆ ನಿಮಿಷಕ್ಕೆ 18 ಲೀಟರ್ ಆರ್ಗಾನ್ ಬೇಕಿತ್ತು. 50 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 150 ಬಾರ್ ಒತ್ತಡದ ಅನಿಲವಿದ್ದರೆ, ಹೊರಬಂದಾಗ ಅದು ಸುಮಾರು 7,500 ಲೀಟರ್ ಆಗುತ್ತದೆ. ಏಳು ಗಂಟೆಯಲ್ಲಿ ಮುಗಿಯುತ್ತಿತ್ತು. ಈಗ 10 ಲೀಟರ್ ಸಾಕು, ಅದೇ ಸಿಲಿಂಡರ್ ಹನ್ನೆರಡು ಗಂಟೆ ದಾಟುತ್ತದೆ. ಮಾದರಿಗಳ ಸಾಲು ಓಡುತ್ತಿರುವಾಗಲೇ ಪ್ಲಾಸ್ಮಾ ಆರಿಹೋಗಿ, ಮತ್ತೆ ಹೊತ್ತಿಸಿ, ಮತ್ತೆ ಕ್ಯಾಲಿಬ್ರೇಷನ್ ಮಾಡುವ ಪಾಡು ತಪ್ಪಿದೆ.

ಅಷ್ಟೊಂದು ಅನಿಲ ಹೋಗುತ್ತಿದ್ದದ್ದಾದರೂ ಎಲ್ಲಿಗೆ? ಮಾದರಿಯ ಮಂಜನ್ನು ಪ್ಲಾಸ್ಮಾದೊಳಗೆ ಹೊತ್ತೊಯ್ಯಲು 1 ಲೀಟರಿನಷ್ಟೇ ಬೇಕು. ಮಿಕ್ಕದ್ದರ ಬಹುಪಾಲು ಹೊರಗೊಳವೆಯ ಒಳಮೈಗೆ ಸುತ್ತಿಕೊಂಡು ಹರಿಯುತ್ತದೆ. 6,000 ಕೆಲ್ವಿನ್‌ಗೂ ಮೀರಿದ ಶಾಖಕ್ಕೆ ಕ್ವಾರ್ಟ್ಸ್ ಕರಗದಂತೆ ಕಾಯುವುದೇ ಅದರ ಕೆಲಸ. ಹೊಸ ಟಾರ್ಚಿನ ಹೊರಗೊಳವೆ ಕಿರಿದು. ಅನಿಲ ಕಡಿಮೆಯಾದರೂ ಗೋಡೆಯ ಬಳಿ ಅದರ ವೇಗ ಕುಗ್ಗುವುದಿಲ್ಲ. ಬುದ್ಧಿವಂತ ವಿನ್ಯಾಸ, ಮೆಚ್ಚಲೇಬೇಕು.

ಕುಡಿಯುವ ನೀರು, ಅಂತರ್ಜಲದಂಥ ತಿಳಿ ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂ, ಸತುವಿನ ಫಲಿತಾಂಶಗಳಲ್ಲಿ ಎರಡು ಟಾರ್ಚುಗಳ ನಡುವೆ ಎಣಿಸಬೇಕಾದ ವ್ಯತ್ಯಾಸ ನನಗೆ ಕಾಣಲಿಲ್ಲ. ಉಪ್ಪಿನ ಮಾದರಿಗಳ ಕಥೆ ಬೇರೆ. ಸಮುದ್ರದ ನೀರಿನಂಥದ್ದನ್ನು ಎಡೆಬಿಡದೆ ಓಡಿಸಿದರೆ ಟಾರ್ಚಿನ ತುದಿ ಮೊದಲು ಮಸುಕಾಗುತ್ತದೆ, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಉಗುರು ತಾಗಿದರೂ ಪುಡಿ ಉದುರುತ್ತದೆ. ಬಿಸಿ ಕ್ವಾರ್ಟ್ಸನ್ನು ಸೋಡಿಯಂ ಹಾಳುಮಾಡುವ ಬಗೆ ಅದು. ಹಳೆಯ ಟಾರ್ಚಿನಲ್ಲೂ ಹೀಗಾಗುತ್ತದೆ, ಆದರೆ ಗೋಡೆ ಪ್ಲಾಸ್ಮಾಕ್ಕೆ ಹತ್ತಿರವಿರುವ ಇದರಲ್ಲಿ ಬೇಗ. ಉಪ್ಪಿನ ಕೆಲಸಕ್ಕೆ ನಾವು ಈಗಲೂ ಹಳೆಯದನ್ನೇ ಹಾಕುತ್ತೇವೆ.

ಹರಿವು ಇಳಿಸುವ ಪ್ರತಿಯೊಬ್ಬರೂ ಮೆಗ್ನೀಸಿಯಂ ಅನುಪಾತವನ್ನು ನೋಡಲೇಬೇಕು ಎಂದು ಒತ್ತಿ ಹೇಳುತ್ತೇನೆ. ಮೆಗ್ನೀಸಿಯಂ ಅಯಾನು 280.270 ನ್ಯಾನೋಮೀಟರ್ ತರಂಗಾಂತರದಲ್ಲಿ ಹೊಮ್ಮಿಸುವ ಬೆಳಕಿನ ತೀವ್ರತೆಯನ್ನು, ಅದರ ಪರಮಾಣು 285.213ರಲ್ಲಿ ಹೊಮ್ಮಿಸುವ ಬೆಳಕಿನ ತೀವ್ರತೆಯಿಂದ ಭಾಗಿಸಿ. ಸಾಮಾನ್ಯವಾಗಿ 8ಕ್ಕಿಂತ ಹೆಚ್ಚು ಬಂದರೆ ಪ್ಲಾಸ್ಮಾ ಗಟ್ಟಿಯಾಗಿದೆ, ಮಾದರಿ ಬದಲಾದರೂ ಸುಲಭಕ್ಕೆ ಅಲುಗಾಡುವುದಿಲ್ಲ ಎಂದರ್ಥ. ಅದಕ್ಕಿಂತ ಕೆಳಗೆ ಜಾರಿದರೆ ಅನಿಲ ಉಳಿಯಬಹುದು, ಆದರೆ ಮಾದರಿಯಲ್ಲಿರುವ ಇತರ ಲವಣಗಳು ಫಲಿತಾಂಶವನ್ನು ಎಳೆದಾಡಲು ಶುರುಮಾಡುತ್ತವೆ. ಗ್ರಾಹಕರ ಕೈಗೆ ಹೋಗುವ ವರದಿಯನ್ನು ಅನಿಲದ ಉಳಿತಾಯಕ್ಕೆ ಬಲಿಕೊಡಬಾರದು.

ಟಾರ್ಚ್ ತೊಳೆಯುವುದು, ಓ-ರಿಂಗ್ (ಅನಿಲ ಸೋರದಂತೆ ತಡೆಯುವ ಉಂಗುರ) ನೋಡಿಕೊಳ್ಳುವುದು, ಜೋಡಣೆ ಎಲ್ಲ ಮಾಮೂಲು. ಬದಲಿ ಟಾರ್ಚ್ ಮಾತ್ರ ದುಬಾರಿ, ತಲುಪುವುದೂ ತಡ. ಒಂದನ್ನು ಯಾವಾಗಲೂ ಕೈಯಲ್ಲಿಟ್ಟುಕೊಳ್ಳಿ.

ಕೊಳ್ಳುವ ಮೊದಲು ಮಾರಾಟಗಾರರನ್ನು ಇನ್ನೊಂದು ಪ್ರಶ್ನೆ ಕೇಳಿ: ನೀವು ಹೇಳುವ ಹರಿವಿನಲ್ಲಿ ದೃಗ್ವ್ಯವಸ್ಥೆಯನ್ನು, ಅಂದರೆ ಬೆಳಕನ್ನು ಅಳೆಯುವ ಭಾಗವನ್ನು, ಶುದ್ಧವಾಗಿಡುವ ಅನಿಲವೂ ಸೇರಿದೆಯೇ? ಗಂಧಕ, ರಂಜಕಗಳನ್ನು 190 ನ್ಯಾನೋಮೀಟರ್‌ಗಿಂತ ಕೆಳಗೆ ಅಳೆಯುವಾಗ ಆ ಬೆಳಕನ್ನು ಹೀರಿಕೊಳ್ಳುವ ಆಮ್ಲಜನಕವನ್ನು ಬೆಳಕಿನ ಹಾದಿಯಿಂದ ಹೊರಹಾಕಲೇಬೇಕು, ಅದಕ್ಕೂ ಅನಿಲ ಬೇಕು. ನಮ್ಮ ಉಪಕರಣದಲ್ಲಿ ಆ ಕೆಲಸಕ್ಕೆ ಸಾರಜನಕ ಕೊಡಲು ಅವಕಾಶವಿತ್ತು. ಆರ್ಗಾನನ್ನು ಟಾರ್ಚಿಗಷ್ಟೇ ಮೀಸಲಿಟ್ಟೆವು.