ಲಿವರ್ ಲಾಕಿನ ಜೋಡಿ ಕೋಲು: ಬಾದಾಮಿ ಮೆಟ್ಟಿಲಿಗೂ ಸೈ, ಎರಿ ಹೊಲಕ್ಕೂ ಸೈ

ಅರವತ್ತು ದಾಟಿದವರ ಕೈಯಲ್ಲಿ ಕೋಲು ಕಂಡರೆ ನಮ್ಮ ಕಡೆ ಮೊದಲು ಕೇಳುವುದು ‘ಕಾಲು ಕೈಕೊಟ್ಟವೇನು?’ ಅಂತ. ಟ್ರೆಕ್ಕಿಂಗ್ ಕೋಲು ಆ ಲೆಕ್ಕದ್ದಲ್ಲ. ಬೆಳಿಗ್ಗೆ ಸೈಕಲ್ ತುಳಿಯುವ, ವಾರಕ್ಕೊಮ್ಮೆ ಗುಡ್ಡ ಹತ್ತುವ, ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆಯುವ ಹಿರಿಯರಿಗೆ ಇದು ಮೊಣಕಾಲಿನ ಭಾರವನ್ನು ತೋಳಿಗೆ ಹಂಚುವ ಸಲಕರಣೆ. ಇಳಿಜಾರಿನಲ್ಲಿ ಇದರ ಉಪಯೋಗ ಹೆಚ್ಚು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 25 ಡಿಗ್ರಿ ಇಳಿಜಾರಿನಲ್ಲಿ ಕೋಲು ಹಿಡಿದು ಇಳಿದವರ ಮೊಣಕಾಲಿನ ಮೇಲಿನ ಹೊರೆ ಶೇ 12ರಿಂದ 25ರಷ್ಟು ಇಳಿದಿತ್ತು. ಹತ್ತುವಾಗ ಏದುಸಿರು, ಇಳಿಯುವಾಗ ಮೊಣಕಾಲು ನೋವು ಎನ್ನುವವರು ಈ ಲೆಕ್ಕ ನೆನಪಿಡಬೇಕು.

ನಾವು ಇಲ್ಲಿ ತೂಗಿ ನೋಡುತ್ತಿರುವುದು ಮೂರು ತುಂಡಿನ ಅಲ್ಯೂಮಿನಿಯಂ ಜೋಡಿಯನ್ನು. ಒಳಗೆ ತಳ್ಳಿದಾಗ ಸುಮಾರು 65 ಸೆಂ.ಮೀ., ಪೂರ್ತಿ ಎಳೆದಾಗ 135, ಎರಡೂ ಸೇರಿ ಅರ್ಧ ಕಿಲೋ ಆಸುಪಾಸು. ಕಾರ್ಬನ್ ಕೋಲು ಇನ್ನೂ ಹಗುರ, ಆದರೆ ಕಲ್ಲಿಗೆ ತಗುಲಿ ಗೀರು ಬಿದ್ದರೆ ಮುಂದೊಂದು ದಿನ ಸೂಚನೆ ಕೊಡದೆ ಮುರಿಯುತ್ತದೆ. ಅಲ್ಯೂಮಿನಿಯಂ ಮೊದಲು ಬಾಗುತ್ತದೆ, ಹುಷಾರಾಗಲು ಸಮಯ ಕೊಡುತ್ತದೆ. ಈ ವಯಸ್ಸಿಗೆ ನೂರು ಗ್ರಾಂ ಉಳಿತಾಯಕ್ಕಿಂತ ಆ ಸಮಯ ದೊಡ್ಡದು.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಲಾಕ್. ಅಗ್ಗದ ಕೋಲುಗಳಲ್ಲಿ ತಿರುಚುವ ಲಾಕ್ ಇರುತ್ತದೆ: ಕೊಳವೆಯೊಳಗಿನ ಪ್ಲಾಸ್ಟಿಕ್ ತುಂಡು ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಮರಳು, ಧೂಳು, ನೀರು ಒಳಗೆ ಹೋದರೆ ಹಿಡಿತ ತಪ್ಪಿ, ಭಾರ ಬಿಟ್ಟ ಕ್ಷಣದಲ್ಲೇ ಕೋಲು ಸರ್ರನೆ ಕುಸಿಯುತ್ತದೆ. ಬೆರಳಲ್ಲಿ ಸಂಧಿವಾತ ಇದ್ದವರಿಗೆ ಅದನ್ನು ಬಿಗಿಯಾಗಿ ತಿರುಚುವುದೂ ಕಷ್ಟ. ಈ ಜೋಡಿಯಲ್ಲಿರುವ ಲಿವರ್ ಲಾಕ್, ಅಂದರೆ ಒತ್ತಿ ಮುಚ್ಚಿ ಬಿಗಿ ಮಾಡುವ ಸಣ್ಣ ಹಿಡಿಕೆ, ಹೊರಗೇ ಇರುತ್ತದೆ, ಬಿಗಿಯಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಅಂಗಡಿಯಲ್ಲೇ ಉದ್ದ ಹೊಂದಿಸಿ, ಲಿವರ್ ಮುಚ್ಚಿ, ಮೈಭಾರ ಹಾಕಿ ಒತ್ತಿ ನೋಡಿ. ಜಾರಿದರೆ ಲಾಕಿನ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಒತ್ತಿ. ಅತಿಯಾಗಿ ಬಿಗಿ ಮಾಡಿದರೆ ಲಿವರೇ ಸೀಳುತ್ತದೆ. ಕೊಳವೆಯ ಮೇಲಿನ ‘ಸ್ಟಾಪ್’ ಗೆರೆ ದಾಟಿ ಎಳೆಯಬೇಡಿ.

ಅಳತೆ ಹೀಗೆ: ತುದಿ ನೆಲಕ್ಕೆ ಊರಿ ಹಿಡಿದಾಗ ಮೊಣಕೈ 90 ಡಿಗ್ರಿ ಬರಬೇಕು. 165 ಸೆಂ.ಮೀ. ಎತ್ತರದವರಿಗೆ ಅದು ಹೆಚ್ಚುಕಡಿಮೆ 110. ಏರು ಬಂದಾಗ 5ರಿಂದ 10 ಸೆಂ.ಮೀ. ಕಡಿಮೆ ಮಾಡಿ, ಇಳಿಯುವಾಗ ಅಷ್ಟೇ ಹೆಚ್ಚಿಸಿ. ಅದನ್ನು ಬಿಟ್ಟು ಸಮತಟ್ಟಿನ ಅಳತೆಯಲ್ಲೇ ಇಳಿದರೆ ಮೈ ಮುಂದಕ್ಕೆ ಬಾಗಿ ಸೊಂಟ ಹಿಡಿಯುತ್ತದೆ.

ಹಿಡಿಗೆ ಕಟ್ಟಿರುವ ಮಣಿಕಟ್ಟಿನ ಪಟ್ಟಿಯನ್ನು ಹೆಚ್ಚಿನವರು ತಪ್ಪಾಗಿ ಹಾಕಿಕೊಳ್ಳುತ್ತಾರೆ. ಕೈಯನ್ನು ಕೆಳಗಿನಿಂದ ಮೇಲಕ್ಕೆ ಪಟ್ಟಿಯೊಳಗೆ ತೂರಿಸಿ, ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಒಟ್ಟಿಗೆ ಹಿಡಿಯಬೇಕು. ಆಗ ಭಾರ ಮಣಿಕಟ್ಟಿನ ಮೇಲೆ ಕೂರುತ್ತದೆ, ಬೆರಳು ಸಡಿಲವಾಗಿದ್ದರೂ ನಡೆಯುತ್ತದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮಾತ್ರ ಪಟ್ಟಿಯಿಂದ ಕೈ ಹೊರಗಿರಲಿ. ಬಿದ್ದಾಗ ಕೋಲು ಕೈಗೆ ಸಿಕ್ಕಿಕೊಂಡರೆ ಹೆಬ್ಬೆರಳು ತಿರುಚುತ್ತದೆ. ಹಿಡಿಗೆ ಕಾರ್ಕ್ ಒಳ್ಳೆಯದು. ವಿಜಯಪುರದ ಏಪ್ರಿಲ್ ಬಿಸಿಲಿಗೆ ರಬ್ಬರ್ ಹಿಡಿ ಬೆವರಿ ಅಂಗೈಗೆ ಗುಳ್ಳೆ ಎಬ್ಬಿಸುತ್ತದೆ.

ಇನ್ನು ನಮ್ಮ ನೆಲದ ಮಾತು. ಬಾದಾಮಿಯದು ಮರಳುಗಲ್ಲು. ಕೋಲಿನ ಬರೀ ಕಾರ್ಬೈಡ್ (ಗಡುಸು ಲೋಹದ) ತುದಿ ಊರಿದರೆ ಮೆಟ್ಟಿಲ ಮೇಲೆ ಬಿಳಿ ಗೀರು ಉಳಿಯುತ್ತದೆ; ಸಾವಿರದ ನಾನೂರು ವರ್ಷ ದಾಟಿದ ಗುಹೆಗಳ ಮುಂದೆ ಅದು ಖಂಡಿತ ಕೂಡದು. ಅಲ್ಲಿ ರಬ್ಬರ್ ಟೊಪ್ಪಿಗೆ ಹಾಕಿಯೇ ನಡೆಯಿರಿ. ಆದರೆ ಉದುರಿದ ಮರಳು ಹರಡಿದ ನುಣುಪು ಬಂಡೆಯ ಮೇಲೆ ರಬ್ಬರೂ ಜಾರುತ್ತದೆ, ಹಾಗಾಗಿ ಮೊದಲು ಊರಿ, ಗಟ್ಟಿಯೆನಿಸಿದ ಮೇಲೆ ಭಾರ ಬಿಡಿ. ಉತ್ತರ ಕೋಟೆಯ ಇಕ್ಕಟ್ಟಾದ ಬಂಡೆ ಸಂದಿಯಲ್ಲಿ ಕೋಲು ಮಡಚಿ ಚೀಲಕ್ಕೆ ಸೇರಿಸಿ, ಕೈ ಬಂಡೆಗೆ ಬೇಕಾಗುತ್ತದೆ. ಕೋತಿಗಳ ಮೇಲೆ ಕೋಲು ಬೀಸಬೇಡಿ, ಅವು ಇನ್ನಷ್ಟು ಕೆರಳುತ್ತವೆ.

ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ಹೊಲದ, ಪಾಡೇ ಬೇರೆ. ಬೇಸಿಗೆಯಲ್ಲಿ ಬಿರುಕಿನೊಳಗೆ ತುದಿ ಇಳಿದು ಸಿಕ್ಕಿಕೊಳ್ಳುತ್ತದೆ. ನಡೆಯುವ ವೇಗದಲ್ಲೇ ಮುಂದೆ ಹೋದರೆ ಕೆಳತುಂಡು ಬಾಗುವುದು ಖಚಿತ. ತುದಿ ಸಿಕ್ಕಿತೆನಿಸಿದ ಕೂಡಲೇ ನಿಂತು, ನೇರ ಮೇಲಕ್ಕೆ ಎತ್ತಬೇಕು. ಮಳೆಗಾಲದಲ್ಲಿ ಕೋಲಿನ ಜೊತೆ ಬರುವ ದುಂಡನೆಯ ‘ಬುಟ್ಟಿ’ಯನ್ನು (ತುದಿಯ ಮೇಲ್ಗಡೆ ಕೂರಿಸುವ ಬಿಲ್ಲೆ) ಹಾಕದಿದ್ದರೆ ಕೋಲು ಕೆಸರಿನಲ್ಲಿ ಗೇಣುದ್ದ ಇಳಿಯುತ್ತದೆ, ಎತ್ತುವಾಗ ಜಿಗುಟು ಮಣ್ಣು ರಬ್ಬರ್ ಟೊಪ್ಪಿಗೆಯನ್ನೇ ಕಿತ್ತುಕೊಳ್ಳುತ್ತದೆ. ಹೊಲದ ದಾರಿಗೆ ಇಳಿಯುವ ಮುಂಚೆ ಟೊಪ್ಪಿಗೆ ತೆಗೆದು ಜೇಬಿಗಿಡಿ.

ಬೆಳಗಾವಿ ಕಡೆ, ಯಳ್ಳೂರಿನ ರಾಜಹಂಸಗಡದಂಥ ಗುಡ್ಡಕ್ಕೆ ಮಳೆಯಲ್ಲಿ ಹೋಗಿಬಂದರೆ ಅದೇ ದಿನ ಮೂರೂ ತುಂಡು ಬಿಚ್ಚಿ, ಬಟ್ಟೆಯಿಂದ ಒರೆಸಿ, ನೆರಳಲ್ಲಿ ರಾತ್ರಿಯಿಡೀ ಒಣಗಿಸಿ. ಹಾಗೇ ಮಡಚಿಟ್ಟರೆ ಕೊಳವೆಯೊಳಗೆ ಬಿಳಿ ಪುಡಿ ಕಟ್ಟಿ ತುಂಡುಗಳು ಅಂಟಿಕೊಳ್ಳುತ್ತವೆ. ಎಣ್ಣೆ ಮಾತ್ರ ಹಾಕಬೇಡಿ, ಲಾಕ್ ಜಾರುತ್ತದೆ.

ಸೈಕಲ್ ತುಳಿದು ಗುಡ್ಡದ ಬುಡಕ್ಕೆ ಹೋಗುವವರು ಕೋಲುಗಳನ್ನು ಟೊಪ್ಪಿಗೆ ಸಮೇತ ಕ್ಯಾರಿಯರ್ ಮೇಲೆ ಉದ್ದಕ್ಕೆ, ತುದಿ ಹಿಂದಕ್ಕೆ ಬರುವಂತೆ ಎರಡು ಕಡೆ ಕಟ್ಟಬೇಕು. ಒಂದೇ ಕಡೆ ಕಟ್ಟಿದರೆ ವಾಲಿ ಚಕ್ರದ ಕಡ್ಡಿಗೆ ತಗುಲುತ್ತದೆ. ಸೈಕಲ್ ಕಾಲಿಗಾದರೆ ಕೋಲು ಹೆಗಲಿಗೆ, ತೋಳಿಗೆ. ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ.

ಒಂದು ಕೊರತೆ ಹೇಳಲೇಬೇಕು. ದಿನವೂ ಸಪಾಟು ರಸ್ತೆಯಲ್ಲೂ ಕೋಲು ಹಿಡಿದರೆ ಮೈಯ ಸಮತೋಲನಕ್ಕೆ ಕೆಲಸವೇ ಉಳಿಯುವುದಿಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡಿಗೆ ಗಟ್ಟಿ ಇದ್ದವರು ಉದ್ಯಾನದ ಸುತ್ತು ಬರಿಗೈಯಲ್ಲೇ ಹಾಕಲಿ, ಕೋಲು ಗುಡ್ಡಕ್ಕೂ ದೂರದ ದಾರಿಗೂ ಇರಲಿ. ಒಂದೇ ಕೋಲು ಒಯ್ಯುವುದಾದರೆ ನೋಯುವ ಮೊಣಕಾಲಿನ ಎದುರು ಕೈಯಲ್ಲಿ ಹಿಡಿಯಿರಿ.

ಶ್ರೀಶೈಲದ ಪಾದಯಾತ್ರೆಗೆ ಈ ಜೋಡಿಯನ್ನು ಧಾರಾಳವಾಗಿ ಶಿಫಾರಸು ಮಾಡಬಹುದು, ಭೀಮನಕೊಳ್ಳದ ಇಳಿತದಲ್ಲಿ ಅದರ ಬೆಲೆ ತಿಳಿಯುತ್ತದೆ. ಡಾಂಬರಿನ ಮೇಲೆ ರಬ್ಬರ್ ಟೊಪ್ಪಿಗೆ ಓರೆಯಾಗಿ ಸವೆದು ಒಳಗಿನ ಲೋಹ ಇಣುಕುತ್ತದೆ. ಕೋಲಿನ ತುದಿಗೆ ಹಾಕಿ ನೋಡಿ, ಸರಿಯಾಗಿ ಕೂರುವಂಥ ಎರಡು ಜೋಡಿ ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ.