ಕಷ್ಟ ಕಂಡ ಹುಡುಗಿಯರ ಮೂರು ಕಥೆ: ಮಕ್ಕಳಿಗೆ ಮೊದಲು ಯಾವುದು?

ಹತ್ತು-ಹನ್ನೆರಡರ ಮಕ್ಕಳಿಗೆ ಇತಿಹಾಸದ ಕಾದಂಬರಿ ಕೊಡಬೇಕು ಅಂದರೆ ಮೊದಲು ಲೋಯಿಸ್ ಲೋರಿಯ ‘ನಂಬರ್ ದ ಸ್ಟಾರ್ಸ್’ ಕೊಡಿ. ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ ವೀರಾ ಹಿರಾನಂದಾನಿಯ ‘ದ ನೈಟ್ ಡೈರಿ’. ಮೂರನೆಯದು ಪಾಮ್ ಮುನ್ಯೋಸ್ ರಯಾನ್ ಬರೆದ ‘ಎಸ್ಪೆರಾನ್ಸಾ ರೈಸಿಂಗ್’. ಮೂರನ್ನೂ ಮಗಳ ಜೊತೆ ಕೂತು, ಇಂಗ್ಲಿಷ್ ತೊಡಕಾದ ಕಡೆ ಕನ್ನಡದಲ್ಲಿ ಹೇಳಿಕೊಂಡು ಓದಿದ್ದೇನೆ.

‘ನಂಬರ್ ದ ಸ್ಟಾರ್ಸ್’ ಚಿಕ್ಕ ಪುಸ್ತಕ. 1943ರ ಡೆನ್ಮಾರ್ಕಿನ ಕೋಪನ್‌ಹೇಗನ್, ಊರೆಲ್ಲ ಜರ್ಮನ್ ಸೈನಿಕರು. ಹತ್ತು ವರ್ಷದ ಆನ್‌ಮರಿಯ ಗೆಳತಿ ಎಲೆನ್ ಯಹೂದಿ. ಸೈನಿಕರು ಯಹೂದಿಗಳನ್ನು ಹುಡುಕಿಕೊಂಡು ಮನೆಗೆ ಬಂದ ರಾತ್ರಿ ಎಲೆನ್‌ಗೆ ಕತ್ತಿನ ಸರ, ಯಹೂದಿಗಳ ಗುರುತಾದ ನಕ್ಷತ್ರವಿರುವುದು, ಬಿಚ್ಚಲು ಆಗುವುದಿಲ್ಲ. ಆನ್‌ಮರಿ ಅದನ್ನು ಕಿತ್ತು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿರುತ್ತಾಳೆ ಅಂದರೆ, ಅವರು ಹೋದಮೇಲೆ ನೋಡಿದರೆ ಅಂಗೈಯಲ್ಲಿ ನಕ್ಷತ್ರದ ಅಚ್ಚು ಬಿದ್ದಿದೆ. ಮುಂದೆ ಕಾಡಿನ ದಾರಿಯಲ್ಲಿ ಸೈನಿಕರ ನಾಯಿಗಳು ಅವಳ ಬುಟ್ಟಿ ಮೂಸುವಾಗ ಅವಳು ಏನೂ ತಿಳಿಯದ ಪುಟ್ಟ ಹುಡುಗಿಯ ಹಾಗೆ ಮಾತಾಡುತ್ತಾಳೆ. ಮಗಳು ನನ್ನ ಕೈ ಹಿಡಿದುಕೊಂಡು, “ಅಮ್ಮಾ, ನಿಲ್ಲಿಸಬೇಡ, ಓದು” ಅಂದಳು. ನಾಯಿಗಳ ಮೂಗು ಕೆಲಸ ಮಾಡದಂತೆ ಮಾಡುವ ಕರವಸ್ತ್ರವೊಂದು ಕಥೆಯಲ್ಲಿ ಬರುತ್ತದೆ. ಅದು ನಿಜ, ಸುಮಾರು 7,000 ಯಹೂದಿಗಳು ದೋಣಿಗಳಲ್ಲಿ ಸ್ವೀಡನ್ ಸೇರಿದ್ದೂ ನಿಜ.

‘ಎಸ್ಪೆರಾನ್ಸಾ’ ನಿಧಾನ. 1930ರಲ್ಲಿ ಮೆಕ್ಸಿಕೋದ ಜಮೀನ್ದಾರರ ಮಗಳು ಅಪ್ಪನನ್ನು ಕಳೆದುಕೊಂಡು ಕ್ಯಾಲಿಫೋರ್ನಿಯಾದ ಕೂಲಿಗಳ ಬಿಡಾರಕ್ಕೆ ಬರುತ್ತಾಳೆ. ಪೊರಕೆ ಹಿಡಿಯಲೂ ಬಾರದವಳು, ಅಮ್ಮ ಕಾಯಿಲೆ ಬಿದ್ದಾಗ ದುಡಿಯಲು ಹೊರಡುತ್ತಾಳೆ. ಅಧ್ಯಾಯಗಳಿಗೆಲ್ಲ ಹಣ್ಣು-ತರಕಾರಿ ಹೆಸರು. ಕಥೆ ಸಾಗುವುದೂ ಬೆಳೆಯ ಜೊತೆಗೇ. ನನಗೆ ಬಹಳ ಹಿಡಿಸಿತು, ಮಗಳು ನಡುವೆ ಆಕಳಿಸಿದಳು. ಹನ್ನೆರಡು ದಾಟಿದವರಿಗೆ ಕೊಡಿ.

‘ನೈಟ್ ಡೈರಿ’ ನಮ್ಮದೇ ಗಾಯದ ಕಥೆ. 1947ರ ವಿಭಜನೆಯ ಕಾಲ, ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಮೀರ್‌ಪುರ್ ಖಾಸ್. ಹನ್ನೆರಡರ ನಿಶಾಳ ಅಪ್ಪ ಹಿಂದೂ, ತೀರಿಹೋದ ಅಮ್ಮ ಮುಸ್ಲಿಂ. ಮಾತು ಕಡಿಮೆಯ ಹುಡುಗಿ, ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಅಮ್ಮನಿಗೆ ಬರೆಯುತ್ತಾಳೆ. ಮನೆ ಬಿಡುವಾಗ ಅಡುಗೆಯವ ಕಾಜಿ ಕೊಟ್ಟ ಕುಟ್ಟಾಣಿಯನ್ನು ಹೊತ್ತು ನಡೆಯುತ್ತಾಳೆ. ಭಾರ ಅಲ್ವಾ ಅದು, ಅದೂ ಕುಡಿಯಲು ನೀರಿಲ್ಲದ ದಾರಿಯಲ್ಲಿ! ಆನ್‌ಮರಿಗೆ ಶತ್ರು ಯಾರು ಅಂತ ಗೊತ್ತು. ನಿಶಾಗೆ ಅದೇ ಗೊತ್ತಿಲ್ಲ, ಯಾಕೆಂದರೆ ಎರಡೂ ಕಡೆ ಅವಳ ಜನರೇ ಇದ್ದಾರೆ. ನಮ್ಮ ಶಾಲೆಯ ಪಾಠದಲ್ಲಿ ವಿಭಜನೆ ಎರಡು ಸಾಲಿನಲ್ಲಿ ಮುಗಿದಿತ್ತು, ನನ್ನ ಮಗಳಿಗೆ ಅದು ಒಬ್ಬ ಹುಡುಗಿಯ ಬಾಯಾರಿಕೆಯಾಗಿ ಗೊತ್ತಾಯಿತು. ಇದಕ್ಕೇ ಈ ಪುಸ್ತಕ ನನಗೆ ಮೂರರಲ್ಲಿ ಮೇಲು.

ಆದರೂ ಇದನ್ನು ಮೊದಲು ಕೊಡಬೇಡಿ. ಕತ್ತಿಗೆ ಚಾಕು ಹಿಡಿಯುವ ಪುಟವಿದೆ, ಸಾವೂ ಇದೆ. ಡೆನ್ಮಾರ್ಕಿನ ಕಥೆ ಓದಿ ಮಗು ಇನ್ನಷ್ಟು ಕೇಳಿದರೆ ಆಗ ಕೊಡಿ. ಅದಕ್ಕೂ ಮುಂಚೆ ನೀವೊಮ್ಮೆ ಪೂರ್ತಿ ಓದಿಕೊಳ್ಳಿ, ಮಕ್ಕಳು ಪ್ರಶ್ನೆ ಜಾಸ್ತಿ ಕೇಳುತ್ತಾರೆ.